ಚಿತ್ರಪಟದ ಹಿಂದಿನ ದಾರ

ಕುಮಟೆಯ ಬಳಿಯ ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ಬಲ್ಲವರಿಗೆ ಹಳೆಯ ಗ್ಯೋಟೋಕುವನ್ನು ಕಣ್ಣೆದುರಿಗೆ ತಂದುಕೊಳ್ಳುವುದು ಕಷ್ಟವಾಗಲಾರದು. ತೋಕಿಯೋ ಕೊಲ್ಲಿಯ ಅಂಚಿನ ಈ ಊರು ಈಗ ಚಿಬಾ ಪ್ರಾಂತದ ಇಚಿಕಾವಾ ನಗರದೊಳಗೆ ಸೇರಿಹೋಗಿದೆ. 1969ರಲ್ಲಿ ತೋಜಾಯ್ ಮೆಟ್ರೊ ಮಾರ್ಗ ಬಂದ ಮೇಲೆ ಇಲ್ಲಿ ಅಪಾರ್ಟ್‌ಮೆಂಟುಗಳು ಸಾಲುಸಾಲಾಗಿ ಎದ್ದವು. ಇದೇ ಮಾರ್ಗದಲ್ಲಿ ಇಲ್ಲಿಂದ ನಾಲ್ಕನೆಯ ನಿಲ್ದಾಣವಾದ ನಿಶಿಕಸಾಯ್ ಭಾರತೀಯ ಐಟಿ ಕುಟುಂಬಗಳ ನೆಲೆಯೆಂದು ಹೆಸರಾಗಿದೆ. ಆದರೆ ನದಿಯ ಕಡೆಗಿನ ಹಳೆಯ ಬೀದಿಗೆ ಇನ್ನೂ ಹಳೆಯ ಚಹರೆ ಉಳಿದಿದೆ. ಶಿಂತೋ ಹಬ್ಬಗಳಲ್ಲಿ ಭಕ್ತರು ಹೆಗಲ ಮೇಲೆ ಹೊತ್ತು ಕುಣಿಸುವ ಮಿಕೋಶಿ, ಅಂದರೆ ದೇವರ ಪಲ್ಲಕ್ಕಿ, ಮಾಡುವ ಕುಶಲಕರ್ಮಿಗಳಿಗೆ ಹೆಸರಾದ ಊರು ಇದು. ಒಂದರ ಪಕ್ಕ ಒಂದರಂತೆ ಬೌದ್ಧ ಮಂದಿರಗಳಿವೆ. ಅವುಗಳಲ್ಲೊಂದು 1610ರ ತೋಕುಗಾಂಜಿ. ಶಿಲ್ಪಿ ಉಂಕೆ ಕೆತ್ತಿದ್ದೆಂದು ಹೇಳಿಕೊಂಡು ಬಂದಿರುವ ಎಮ್ಮಾ ಅಲ್ಲಿ ಕೂತಿದ್ದಾನೆ. ಎಮ್ಮಾ ಎಂದರೆ ಬೇರೆ ಯಾರೂ ಅಲ್ಲ, ನಮ್ಮ ಯಮಧರ್ಮರಾಯನೇ. ಬೌದ್ಧರ ಜೊತೆ ಚೀನಾ ಹಾದು ಜಪಾನಿಗೆ ಬಂದವನು. ಚಿತ್ರಕಾರ ಮಾರುಯಾಮಾ ಓಕ್ಯೊ ಬರೆದದ್ದೆಂದು ನಂಬಿರುವ ಒಂದು ದೆವ್ವದ ಚಿತ್ರವೂ ಆ ಮಂದಿರದಲ್ಲಿದೆ.

1590ರಲ್ಲಿ ಎಡೋಗೆ, ಅಂದರೆ ಇಂದಿನ ತೋಕಿಯೋಗೆ, ಬಂದು ನೆಲೆಸಿದ ದೊರೆ ತೊಕುಗಾವಾ ಇಯೆಯಾಸು ತನ್ನ ಕೋಟೆಗೆ ಉಪ್ಪು ತಪ್ಪಬಾರದೆಂದು ಒನಾಗಿ ಕಾಲುವೆಯನ್ನು ತೋಡಿಸಿದ. ಗ್ಯೋಟೋಕುವಿನ ಉಪ್ಪು ದೋಣಿಯೇರಿ ಆ ಕಾಲುವೆಯಲ್ಲಿ ಪಡುವಣಕ್ಕೆ ಸಾಗಿ ಫುಕಾಗಾವಾದ ಹತ್ತಿರ ಸುಮಿದಾ ನದಿಯನ್ನು ಮುಟ್ಟುತ್ತಿತ್ತು. ನರಿತಾದ ದೇವರ ದರ್ಶನಕ್ಕೆ ಹೊರಟ ಯಾತ್ರಿಕರು ಅದೇ ನೀರಿನಲ್ಲಿ ಮೂಡಣಕ್ಕೆ ಬಂದು ಗ್ಯೋಟೋಕುವಿನಲ್ಲಿ ಇಳಿಯುತ್ತಿದ್ದರು. 1812ರಲ್ಲಿ ಆ ಭಕ್ತರು ನಿಲ್ಲಿಸಿದ ಕಲ್ಲಿನ ದೀಪಸ್ತಂಭ ಇಂದಿಗೂ ದಡದಲ್ಲಿದೆ. ಈ ಕಾಲುವೆಯ ಪಡುವಣ ತುದಿಯಲ್ಲಿ, ಫುಕಾಗಾವಾದ ಕಿಯೊಸುಮಿ ಎಂಬಲ್ಲಿ, ಒಂದು ಕಲ್ಲು ನೆಟ್ಟಿದ್ದಾರೆ. ಹಿರಾಗಾ ಗೆನ್ನೈ ವಿದ್ಯುತ್ತಿನ ಪ್ರಯೋಗ ಮಾಡಿದ ಸ್ಥಳ ಇದೆಂದು ಅದು ಹೇಳುತ್ತದೆ. ಒಂದು ತುದಿಯಲ್ಲಿ ಯಮನೂ ದೆವ್ವವೂ ದೇವರ ಪಲ್ಲಕ್ಕಿಯೂ, ಇನ್ನೊಂದು ತುದಿಯಲ್ಲಿ ಯಮನನ್ನು ಕಥೆಯಲ್ಲಿ ನಗೆಪಾಟಲು ಮಾಡಿ, ದೆವ್ವದ ಮನೆಯಲ್ಲಿ ಬಾಳಲು ಹೋದ ಸಂಶೋಧಕ. ಈ ಎರಡು ತುದಿಗಳ ನಡುವೆ ಹಗಲಿರುಳೂ ದೋಣಿಗಳು ಓಡಾಡುತ್ತಿದ್ದವು. ಗೆನ್ನೈಯ ಸಂದೇಹಬುದ್ಧಿಯನ್ನು ಅರ್ಥಮಾಡಿಕೊಳ್ಳಬೇಕಾದರೆ ಈ ಸಹವಾಸವನ್ನು ಮೊದಲು ಒಪ್ಪಿಕೊಳ್ಳಬೇಕು.

ಗೆನ್ನೈ ಹುಟ್ಟಿದ್ದು 1728ರಲ್ಲಿ, ಶಿಕೊಕು ದ್ವೀಪದ ಶಿದೊ ಎಂಬ ಕರಾವಳಿ ಊರಿನಲ್ಲಿ. ಅಪ್ಪ ತಕಾಮತ್ಸು ಸಂಸ್ಥಾನದ ಅಕ್ಕಿ ಉಗ್ರಾಣ ನೋಡಿಕೊಳ್ಳುತ್ತಿದ್ದ ಸಣ್ಣ ನೌಕರ. ಹುಡುಗನಾಗಿದ್ದಾಗಲೇ ಗೆನ್ನೈ ಒಂದು ಚಿತ್ರಪಟ ಮಾಡಿದ. ಅದರಲ್ಲಿದ್ದದ್ದು ವಿದ್ಯೆಯ ದೇವರು ತೆಂಜಿನ್. ಪಟದ ಮುಂದೆ ನೈವೇದ್ಯಕ್ಕೆಂದು ಸಾಕೆ, ಅಂದರೆ ಅಕ್ಕಿಯ ಮದ್ಯ, ಇಟ್ಟರೆ ದೇವರ ಮುಖ ನಿಧಾನವಾಗಿ ಕೆಂಪೇರುತ್ತಿತ್ತು. ಗುಟ್ಟು ಪಟದ ಹಿಂದಿತ್ತು: ಮುಖದ ಭಾಗದಲ್ಲಿ ಬೆಳಕು ಹಾಯುವಷ್ಟು ತೆಳುವಾದ ಕಾಗದ, ಅದರ ಬೆನ್ನಿಗೆ ಕೆಂಬಣ್ಣದ ತುಂಡು, ಅದನ್ನು ಸರಿಸಲು ಒಂದು ದಾರ. ನೋಡಿದವರು ಬೆರಗಾದರು, ಹುಡುಗನಿಗೆ ಮಾಯಾವಿ ಪೋರನೆಂಬ ಅಡ್ಡಹೆಸರು ಬಿತ್ತು. ಆ ಪಟ ಶಿದೊದ ವಸ್ತುಸಂಗ್ರಹಾಲಯದಲ್ಲಿದೆ. ಮಕ್ಕಳ ಚೇಷ್ಟೆಯೆಂದು ಇದನ್ನು ದಾಟಿಹೋಗಬಹುದು. ಗೆನ್ನೈಯ ಜೀವನವೆಲ್ಲ ಇದರೊಳಗೇ ಇದೆಯೆಂದು ನನಗನ್ನಿಸುತ್ತದೆ. ಈ ಹುಡುಗ ದೇವರ ಪಟವನ್ನು ಹರಿಯಲಿಲ್ಲ, ದೇವರಿಲ್ಲವೆಂದು ಸಾರಲೂ ಇಲ್ಲ. ಪವಾಡ ಹೇಗೆ ನಡೆಯುತ್ತದೆಂದು ಕೇಳಿಕೊಂಡ, ಹಿಂಬದಿಗೆ ಹೋದ, ದಾರ ಕಟ್ಟಿದ. ಒಮ್ಮೆ ದಾರ ಕಟ್ಟಿದವನಿಗೆ ಆಮೇಲೆ ಯಾವ ಪಟ ಕಂಡರೂ ಅದರ ಹಿಂಬದಿ ನೋಡುವ ಬಯಕೆ ಹೋಗುವುದಿಲ್ಲ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆಯನ್ನು ಅವನು ಕೈಕೆಲಸವಾಗಿ ಕಲಿತಿದ್ದ.

ಪಟದಲ್ಲಿ ತೆಂಜಿನ್ ಇದ್ದದ್ದಕ್ಕೂ ಅರ್ಥವಿದೆ. ತೆಂಜಿನ್ ಮೂಲದಲ್ಲಿ ಸುಗವಾರಾ ನೊ ಮಿಚಿಜಾನೆ ಎಂಬ ವಿದ್ವಾಂಸ. ಅರಮನೆಯ ಪಿತೂರಿಗೆ ಸಿಕ್ಕಿ ಗಡೀಪಾರಾಗಿ 903ರಲ್ಲಿ ತೀರಿಕೊಂಡವನು. 930ರಲ್ಲಿ ಕ್ಯೋತೋ ಅರಮನೆಗೆ ಸಿಡಿಲು ಬಡಿದಾಗ ಅದು ಮಿಚಿಜಾನೆಯ ಮುನಿಸೆಂದು ಜನ ನಡುಗಿದರು, ಗುಡಿ ಕಟ್ಟಿ ಶಾಂತಿ ಮಾಡಿದರು. ಹೀಗೆ ಸಿಡಿಲಿನ ದೇವರಾದವನ ಕೆನ್ನೆಗೆ ಬಣ್ಣ ಬಳಿದ ಹುಡುಗ ಮುಂದೆ ದೊಡ್ಡವನಾಗಿ, ಮರದ ಪೆಟ್ಟಿಗೆಯ ಹಿಡಿ ತಿರುಗಿಸಿ ಕಿಡಿ ಹಾರಿಸಿದ. ನಾಗಸಾಕಿಯಲ್ಲಿ ಕೈಗೆ ಬಂದ ಕೆಟ್ಟುಹೋದ ಡಚ್ ಯಂತ್ರವೊಂದನ್ನು ಎಡೋಗೆ ತಂದು, ವರ್ಷಗಟ್ಟಲೆ ಒದ್ದಾಡಿ, 1776ರಲ್ಲಿ ಅದಕ್ಕೆ ಜೀವ ತಂದ. ಗಾಜು ಉಜ್ಜಿ ಸ್ಥಾಯಿ ವಿದ್ಯುತ್ತು ಹುಟ್ಟಿಸುವ ಆ ಪೆಟ್ಟಿಗೆಯ ಹೆಸರು ಎರೆಕಿತೆರು. ತೋಕಿಯೋದ ಅಂಚೆ ವಸ್ತುಸಂಗ್ರಹಾಲಯದಲ್ಲಿ ಅಂಥದೊಂದು ಪೆಟ್ಟಿಗೆ ಉಳಿದಿದೆ. ಇಷ್ಟೇ ಅಲ್ಲ, ಚಿಚಿಬು ಬೆಟ್ಟದಲ್ಲಿ ಕಲ್ನಾರು ಹುಡುಕಿ 1764ರಲ್ಲಿ ಬೆಂಕಿಯಲ್ಲಿ ಸುಡದ ಬಟ್ಟೆ ನೇಯಿಸಿದ. 1768ರಲ್ಲಿ ಉಷ್ಣಮಾಪಕ ಮಾಡಿದ. 1762ರಲ್ಲಿ ಎಡೋದಲ್ಲಿ ಗಿಡಮೂಲಿಕೆ, ಖನಿಜ, ಪ್ರಾಣಿಗಳ ಸಾವಿರದ ಮುನ್ನೂರು ಮಾದರಿಗಳ ಪ್ರದರ್ಶನ ಏರ್ಪಡಿಸಿದ.

ಇವನ ಸಂದೇಹ ಬರಹಕ್ಕಿಳಿದದ್ದು 1763ರಲ್ಲಿ. ಆ ವರ್ಷ ಒಗಿನೊ ಯಾಯೆಗಿರಿ ಎಂಬ ಕಬುಕಿ ನಟ ನೀರಿನಲ್ಲಿ ಮುಳುಗಿ ಸತ್ತ. ಊರೆಲ್ಲ ಆ ಸುದ್ದಿಯಲ್ಲಿರುವಾಗ ಗೆನ್ನೈ ಒಂದು ಕಥೆ ಬರೆದ: ನರಕದ ಒಡೆಯ ಎಮ್ಮಾ ಭೂಲೋಕದ ಸ್ತ್ರೀಪಾತ್ರಧಾರಿ ನಟನೊಬ್ಬನ ಚಿತ್ರ ನೋಡಿ ಮರುಳಾಗುತ್ತಾನೆ, ಆ ನಟನನ್ನು ಎಳೆದು ತರಲು ನೀರಿನ ಭೂತಗಳನ್ನು ಕಳಿಸುತ್ತಾನೆ, ಗೆಳೆಯನಿಗಾಗಿ ಯಾಯೆಗಿರಿ ತಾನು ಮುಳುಗುತ್ತಾನೆ. ಪಾಪಪುಣ್ಯದ ತಕ್ಕಡಿ ಹಿಡಿಯಬೇಕಾದವನು ಮೋಹಕ್ಕೆ ಬಿದ್ದು ಆಸ್ಥಾನವನ್ನೇ ಮರೆಯುವ ಕಥೆ ಇದು. ಅದೇ ವರ್ಷದ ಇನ್ನೊಂದು ಪುಸ್ತಕದಲ್ಲಿ, ಸನ್ಯಾಸಕ್ಕೆಂದು ಹೊರಟ ತರುಣನೊಬ್ಬನನ್ನು ಒಬ್ಬ ಯೋಗಿ ಆ ದಾರಿಯಿಂದ ತಪ್ಪಿಸಿ, ಲೋಕ ಸುತ್ತಿ ಮನುಷ್ಯರನ್ನು ನೋಡು ಎಂದು ಬೀಸಣಿಗೆ ಕೊಟ್ಟು ಕಳಿಸುತ್ತಾನೆ. ಈ ಬರಹಗಳಿಗೆ ಅವನು ಇಟ್ಟುಕೊಂಡ ಅಂಕಿತಗಳಲ್ಲಿ ‘ತೆಂಜಿಕು ರೋನಿನ್’ ಎಂಬುದೂ ಒಂದು. ತೆಂಜಿಕು ಎಂದರೆ ಭಾರತ, ರೋನಿನ್ ಎಂದರೆ ಒಡೆಯನಿಲ್ಲದ ಸಮುರಾಯ್. ಬುದ್ಧ ಹುಟ್ಟಿದ ನಾಡಿನ ಹೆಸರಿಟ್ಟುಕೊಂಡು ಬೌದ್ಧರ ನರಕವನ್ನು ಪ್ರಶ್ನಿಸಿದವನನ್ನು ನಾವು, ಆ ನಾಡಿನವರು, ಇಷ್ಟು ಕಡಿಮೆ ಬಲ್ಲೆವೆಂಬುದು ಬೇಸರದ ಸಂಗತಿ.

ಇದಕ್ಕೆ ಶಿಕ್ಷೆ ಏನಾಯಿತು? ಏನೂ ಆಗಲಿಲ್ಲ. ಪುಸ್ತಕಗಳು ಬಿಸಿಯಾಗಿ ಮಾರಾಟವಾದವು. ಯಾವ ಮಂದಿರವೂ ಅವನನ್ನು ಕಟಕಟೆಗೆ ಎಳೆಯಲಿಲ್ಲ. ಇದನ್ನು ನೋಡಿ ಜಪಾನಿಗರು ಧರ್ಮದ ವಿಷಯದಲ್ಲಿ ಉದಾರಿಗಳು ಎಂದು ಷರಾ ಬರೆದವರು ಬಹಳ ಮಂದಿ. ನಾನು ಒಪ್ಪುವುದಿಲ್ಲ. 1614ರಲ್ಲಿ ಕ್ರೈಸ್ತಧರ್ಮವನ್ನು ನಿಷೇಧಿಸಿದ ಮೇಲೆ ಇದೇ ತೊಕುಗಾವಾ ಸರ್ಕಾರ ನಂಬಿಕೆಯ ಕಾರಣಕ್ಕೇ ಜನರನ್ನು ಹಿಂಸಿಸಿ ಕೊಂದಿದೆ. ಪ್ರತಿಯೊಂದು ಮನೆಯೂ ಒಂದು ಬೌದ್ಧ ಮಂದಿರದಲ್ಲಿ ಹೆಸರು ಬರೆಸಿ, ‘ಇವರು ಕ್ರೈಸ್ತರಲ್ಲ’ ಎಂಬ ದೃಢೀಕರಣ ಪಡೆಯಲೇಬೇಕಿತ್ತು. ಹುಟ್ಟು, ಮದುವೆ, ಸಾವು ಎಲ್ಲಕ್ಕೂ ಮಂದಿರದ ಕಡತವೇ ಲೆಕ್ಕ. ನಮ್ಮ ಹಳ್ಳಿಯ ಶಾನುಭೋಗರ ಕಚೇರಿಯನ್ನು ದೇವಸ್ಥಾನದೊಳಗೆ ಇಟ್ಟಂತೆ. ಗ್ಯೋಟೋಕುವಿನಂಥ ಊರಿನ ಮಂದಿರಗಳ ದಟ್ಟಣೆಯನ್ನು ಭಕ್ತಿಯಿಂದ ಮಾತ್ರ ಅಳೆಯಲಾಗದು. ಆಡಳಿತದ ಲೆಕ್ಕವೂ ಅದರಲ್ಲಿ ಸೇರಿದೆ. ಕಡತದಲ್ಲಿ ಹೆಸರಿದ್ದರೆ ಸಾಕು, ಎದೆಯೊಳಗೆ ಏನಿದೆಯೆಂದು ಸರ್ಕಾರ ಕೇಳುತ್ತಿರಲಿಲ್ಲ. ಆದ್ದರಿಂದಲೇ ಎಮ್ಮಾನನ್ನು ನೋಡಿ ನಗಬಹುದಿತ್ತು. ಯಕ್ಷಗಾನದ ಹಾಸ್ಯಗಾರ ಯಮದೂತನಾಗಿ ಬಂದು ಯಮಲೋಕವನ್ನೇ ಲೇವಡಿ ಮಾಡಿದರೆ ನಮ್ಮಲ್ಲೂ ಯಾರೂ ಎದ್ದುಹೋಗುವುದಿಲ್ಲವಲ್ಲ. ನಗು ಎಲ್ಲಿ ಸಲ್ಲುತ್ತದೆಯೋ ಅಲ್ಲಿ ಸಮಾಜದ ಜೀವ ಇಲ್ಲ. ಆ ಜೀವ ಎಲ್ಲಿದೆಯೆಂದು ಬೇರೆ ಕಡೆ ಹುಡುಕಬೇಕು.

ಎಲ್ಲಿ ಹುಡುಕಬೇಕೆಂಬುದನ್ನು ಆ ಕಾಲದ ಶಿಕ್ಷೆಗಳೇ ತೋರಿಸುತ್ತವೆ. ಗೆನ್ನೈ ಎಡೋಗೆ ಬಂದ ಹೊಸದರಲ್ಲಿ, 1758ರಲ್ಲಿ, ಬಾಬಾ ಬುಂಕೊ ಎಂಬ ಕಥೆಗಾರ ಒಂದು ಸಂಸ್ಥಾನದ ರೈತರ ದಂಗೆಯ ವಿಚಾರ ಹೇಳಿ, ಬರೆದು ಹಂಚಿದ, ಅವನಿಗೆ ಮರಣದಂಡನೆಯಾಯಿತು. 1791ರಲ್ಲಿ ಸಾಂತೊ ಕ್ಯೋದೆನ್ ಎಂಬ ಜನಪ್ರಿಯ ಲೇಖಕನ ಕೈಗೆ ಐವತ್ತು ದಿನ ಕೋಳ ಬಿತ್ತು. 1792ರಲ್ಲಿ ಹಯಾಶಿ ಶಿಹೆ ದೇಶದ ಕರಾವಳಿ ರಕ್ಷಣೆ ಸಾಲದು ಎಂದು ಬರೆದದ್ದಕ್ಕೆ ಅಚ್ಚಿನ ಹಲಗೆಗಳನ್ನು ನಾಶಮಾಡಿ ಅವನನ್ನು ಗೃಹಬಂಧನದಲ್ಲಿಟ್ಟರು. ಒಸಾಕಾದ ವರ್ತಕ ವಿದ್ವಾಂಸ ಯಾಮಗಾತಾ ಬಾಂತೊ ಮಾತ್ರ 1820ರ ಹೊತ್ತಿಗೆ ದೇವರು, ಬುದ್ಧ, ದೆವ್ವ ಒಂದೂ ಇಲ್ಲವೆಂದು ನೇರವಾಗಿ ಬರೆದಿಟ್ಟು, ನೆಮ್ಮದಿಯಾಗಿ ವಯಸ್ಸಾಗಿ ಸತ್ತ. ದೇವರನ್ನು ಅಲ್ಲಗಳೆದವನು ಉಳಿದ. ಒಡೆಯನ ಆಡಳಿತದತ್ತ ಬೆರಳು ತೋರಿದವನು ಉಳಿಯಲಿಲ್ಲ. ಆ ಸಮಾಜಕ್ಕೆ ಪವಿತ್ರವಾಗಿದ್ದದ್ದು ಒಡೆಯ-ಸೇವಕರ ಸಂಬಂಧ, ಗುರು-ಶಿಷ್ಯ ಪರಂಪರೆ, ಹುಟ್ಟಿನಿಂದ ಬಂದ ಅಂತಸ್ತು. ನನ್ನ ವಾದವಿಷ್ಟು: ಸಂದೇಹಿಯೊಬ್ಬ ತೆತ್ತ ಬೆಲೆಯನ್ನು ಅವನು ದೇವರ ಬಗ್ಗೆ ಏನೆಂದ ಎಂಬುದರಿಂದ ಅಳೆಯಬಾರದು, ಅವನ ಸಮಾಜ ಯಾವುದನ್ನು ನಿಜವಾಗಿ ದೇವರೆಂದುಕೊಂಡಿತ್ತೋ ಅದನ್ನು ಮುಟ್ಟಿದಾಗ ಏನಾಯಿತೆಂದು ನೋಡಬೇಕು.

ಗೆನ್ನೈ ಅದನ್ನು ಮುಟ್ಟಿದ. 1752ರಲ್ಲಿ ನಾಗಸಾಕಿಗೆ ಹೋಗಿ ಡಚ್ಚರ ವಿದ್ಯೆಯ ರುಚಿ ಕಂಡ ಮೇಲೆ, 1754ರಲ್ಲಿ ಮನೆತನದ ಹಕ್ಕನ್ನು ತಂಗಿಯ ಗಂಡನಿಗೆ ಬಿಟ್ಟುಕೊಟ್ಟ. 1761ರಲ್ಲಿ ತಕಾಮತ್ಸು ದೊರೆಯ ಸೇವೆಯನ್ನೇ ಬಿಡುತ್ತೇನೆಂದು ಅರ್ಜಿ ಹಾಕಿದ. ದೊರೆ ಬಿಡುಗಡೆ ಕೊಟ್ಟ, ಜೊತೆಗೊಂದು ಕಟ್ಟಳೆ ಹಾಕಿದ: ಬೇರೆ ಯಾವ ದೊರೆಯ ಸೇವೆಗೂ ಇವನು ಸೇರಕೂಡದು. ಓದಿದವನಿಗೆ, ಪ್ರಯೋಗ ಮಾಡುವವನಿಗೆ ಆಗ ದೊರೆಗಳ ಆಶ್ರಯವಲ್ಲದೆ ಬೇರೆ ಅನ್ನ ಎಲ್ಲಿತ್ತು? ಸಂಶೋಧನೆಗೆ ವರ್ಷಗಳು ಬೇಕು, ಆ ವರ್ಷಗಳನ್ನು ಯಾರಾದರೂ ಸಾಕಬೇಕು. ಆ ಬಾಗಿಲು ಮುಚ್ಚಿದ್ದರಿಂದ ಗೆನ್ನೈ ಗಣಿ ಸಲಹೆಗಾರನಾದ, ಪಿಂಗಾಣಿ ಮಾಡಿಸಿದ, ಬೊಂಬೆಯಾಟಕ್ಕೆ ನಾಟಕ ಬರೆದ, ಹಣ ಪಡೆದು ಎರೆಕಿತೆರು ತೋರಿಸಿದ. ಮೈಯೊಳಗಿನ ಕೆಟ್ಟ ಬೆಂಕಿಯನ್ನು ಹೊರಗೆಳೆಯುವ ಚಿಕಿತ್ಸೆಯೆಂದು ಜನ ಅದನ್ನು ನೋಡಲು ಬಂದರು. ಅವನ ಹತ್ತಿರ ಕೆಲಸಕ್ಕಿದ್ದ ಕುಶಲಕರ್ಮಿಯೇ ನಕಲು ಪೆಟ್ಟಿಗೆ ಮಾಡಿ ದುಡ್ಡು ಎತ್ತಿದಾಗ ಗೆನ್ನೈ ದೂರು ಕೊಡಬೇಕಾಯಿತು. ಸಿಡಿಲಿನ ತುಣುಕನ್ನು ಪೆಟ್ಟಿಗೆಯಲ್ಲಿ ಹಿಡಿದವನು ಜಾತ್ರೆಯ ಗಾರುಡಿಗನ ಸಾಲಿಗೆ ಸೇರಿಹೋದ.

ಪಶ್ಚಿಮದಲ್ಲಿ ಇದರ ತಿರುವುಮುರುವು ಕಾಣುತ್ತದೆ. ಗೆನ್ನೈ ನಾಗಸಾಕಿಗೆ ಹೋದ ವರ್ಷವೇ, 1752ರಲ್ಲೇ, ಬೆಂಜಮಿನ್ ಫ್ರಾಂಕ್ಲಿನ್ ಗಾಳಿಪಟದ ಪ್ರಯೋಗ ಮಾಡಿದ. ಮೂರು ವರ್ಷ ಕಳೆದು ಬಾಸ್ಟನ್‌ನಲ್ಲಿ ಭೂಕಂಪವಾದಾಗ ಅಲ್ಲಿನ ಪಾದ್ರಿ ಥಾಮಸ್ ಪ್ರಿನ್ಸ್, ಮನೆಮನೆಗೂ ನೆಟ್ಟ ಮಿಂಚುವಾಹಕಗಳೇ ಭೂಮಿಗೆ ವಿದ್ಯುತ್ತು ತುಂಬಿ ನಡುಕ ತಂದಿರಬಹುದೆಂದು ಬರೆದ. ಅಲ್ಲಿ ದೊರೆಯನ್ನು ಬಿಟ್ಟುಬಂದವನಿಗೆ ಬೇರೆ ಕೆಲಸ ಸಿಗುತ್ತಿತ್ತು. ದೇವರ ಸಿಡಿಲನ್ನು ಮುಟ್ಟಿದವನು ಉತ್ತರ ಕೊಡಬೇಕಿತ್ತು. ಥಾಮಸ್ ಎಡಿಸನ್ ಕಾಲಕ್ಕೂ ಇದು ಬದಲಾಗಲಿಲ್ಲ. 1910ರ ಅಕ್ಟೋಬರ್ 2ರಂದು ‘ನ್ಯೂಯಾರ್ಕ್ ಟೈಮ್ಸ್’ ಎಡಿಸನ್‌ನ ಸಂದರ್ಶನ ಅಚ್ಚುಹಾಕಿತು. ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ ಆಗಸ್ಟಿನಲ್ಲಿ ತೀರಿಕೊಂಡಿದ್ದ; ಅವನ ಆತ್ಮ ಮಾತಾಡುತ್ತಿದೆಯೆಂಬ ಗುಲ್ಲು ಹಬ್ಬಿತ್ತು. ಎಡಿಸನ್ ಅದನ್ನು ತಳ್ಳಿಹಾಕಿ, ಮಿದುಳು ಒಂದು ಯಂತ್ರ, ಫೋನೋಗ್ರಾಫಿನ ಉರುಳೆಯಂತೆ ಅಚ್ಚು ಹಿಡಿದುಕೊಳ್ಳುತ್ತದೆ, ಅದು ಮುರಿದ ಮೇಲೆ ಉಳಿಯುವ ಆತ್ಮ ಯಾವುದೂ ಇಲ್ಲ ಎಂದ. ದೇಶದ ಮನೆಮನೆಗೆ ಬೆಳಕು ಕೊಟ್ಟವನ ಮೇಲೆ ಪ್ರವಚನಪೀಠಗಳು ತಿರುಗಿಬಿದ್ದವು, ಕಾಗದಗಳ ರಾಶಿ ಬಂತು. ಅವನು ಖಾಸಗಿ ಪತ್ರದಲ್ಲಿ, ತಾನು ದೇವರನ್ನು ಅಲ್ಲಗಳೆದಿಲ್ಲ, ನೀವು ದೇವರೆನ್ನುವುದನ್ನು ತಾನು ಪ್ರಕೃತಿ ಎನ್ನುತ್ತೇನೆ ಎಂಬರ್ಥದ ಸಮಜಾಯಿಷಿ ಬರೆಯಬೇಕಾಯಿತು.

ಎಡಿಸನ್‌ನ ಹೆಚ್ಚು ನೋವಿನ ಲೆಕ್ಕ ಮನೆಯೊಳಗಿನದು. ಅಪ್ಪ ಸ್ಯಾಮುಯೆಲ್, ಧರ್ಮವಿಮರ್ಶಕ ಲೇಖಕ ಥಾಮಸ್ ಪೇಯ್ನ್‌ನ ಅಭಿಮಾನಿ, ಸ್ವತಂತ್ರ ವಿಚಾರದವನು. ಮಗ ಹುಡುಗನಾಗಿದ್ದಾಗಲೇ ಪೇಯ್ನ್‌ನನ್ನು ಓದಿದ್ದ. 1886ರಲ್ಲಿ ಎರಡನೆಯ ಮದುವೆಯಾದ ಮೀನಾ ಮಿಲ್ಲರ್ ದೃಢ ಮೆಥಡಿಸ್ಟ್ ಮನೆತನದ ಹೆಣ್ಣುಮಗಳು. ಆಕೆಯ ಅಪ್ಪ ಲೂಯಿಸ್ ಮಿಲ್ಲರ್ ಹೊಸ ಮಾದರಿಯ ಹುಲ್ಲು ಕೊಯ್ಯುವ ಯಂತ್ರ ಕಂಡುಹಿಡಿದ ಸಂಶೋಧಕ, ಜೊತೆಗೆ ಷಟಾಕ್ವಾ ಎಂಬ ಪ್ರಸಿದ್ಧ ಧಾರ್ಮಿಕ ಶಿಕ್ಷಣಕೇಂದ್ರದ ಸ್ಥಾಪಕರಲ್ಲೊಬ್ಬ. ಯಂತ್ರಬುದ್ಧಿಯಿದ್ದರೆ ಭಕ್ತಿ ತಾನಾಗಿ ಕರಗುತ್ತದೆ ಎನ್ನುವವರಿಗೆ ಒಂದೇ ಕುಟುಂಬದ ಈ ಮಾವ ಮತ್ತು ಅಳಿಯ ಸಾಕಷ್ಟು ಉತ್ತರ. ಮೀನಾಗೆ ಗಂಡನ ಮಾತು ಇಡೀ ದೇಶದೆದುರು ಬಿಚ್ಚಿಕೊಂಡ ಮನೆಯ ಜಗಳವಾಗಿತ್ತು. 1920ರಲ್ಲಿ ಎಡಿಸನ್ ಸತ್ತವರ ಜೊತೆ ಮಾತಾಡುವ ಯಂತ್ರದ ಪ್ರಸ್ತಾಪ ಮಾಡಿದಾಗ ಭಕ್ತರು ಅವನು ಮೆತ್ತಗಾದನೆಂದುಕೊಂಡರು. ಕೆಲವು ವರ್ಷ ಕಳೆದು ಅದು ತಮಾಷೆಯಾಗಿತ್ತೆಂದು ಅವನೇ ಹೇಳಿದ. 1931ರ ಅಕ್ಟೋಬರ್ 18ರಂದು ಸಾಯುವ ಮುಂಚೆ, ಅಲ್ಲಿ ಬಹಳ ಸುಂದರವಾಗಿದೆ ಎಂಬಂಥ ಮಾತಾಡಿದನೆಂದು ಹತ್ತಿರದವರು ಹೇಳಿದರು. ‘ಅಲ್ಲಿ’ ಎಂದರೆ ಸ್ವರ್ಗವೋ, ಕಿಟಕಿಯಾಚೆಯ ಮರಗಳೋ? ಒಬ್ಬ ಸಂದೇಹಿಯ ಸಾವನ್ನು ಅವನ ಕೈಯಲ್ಲೇ ಬಿಡಲು ಆಪ್ತರಿಗೂ ಆಗುವುದಿಲ್ಲ. ಪ್ರೀತಿಯಿಂದಲೇ ಅವರು ಅವನ ಕೊನೆಯ ಮಾತಿಗೆ ಅರ್ಥ ಹಚ್ಚುತ್ತಾರೆ, ಅದಕ್ಕಾಗಿ ಅವರನ್ನು ದೂರಲು ನನಗೆ ಮನಸ್ಸಿಲ್ಲ.

ಅದೇ ಎಡಿಸನ್ ಜಪಾನಿನಲ್ಲಿ ದೇವಸ್ಥಾನದೊಳಗಿದ್ದಾನೆ. ದೀಪದೊಳಗಿನ ಎಳೆಗೆ ಅವನು ಆರಿಸಿಕೊಂಡದ್ದು ಕ್ಯೋತೋ ಬಳಿಯ ಯಾವಾತಾದ ಬಿದಿರು. ಆ ಊರಿನ ಇವಾಶಿಮಿಜು ಹಾಚಿಮಾನ್ ಗುಡಿಯ ಆವರಣದಲ್ಲಿ 1934ರಲ್ಲಿ ಅವನ ಸ್ಮಾರಕ ನಿಲ್ಲಿಸಿದರು. ಅವನ ಹುಟ್ಟಿದ ದಿನಕ್ಕೂ ತೀರಿಕೊಂಡ ದಿನಕ್ಕೂ ಅಲ್ಲಿ ಪೂಜೆಯಿದೆ. ಅರಾಶಿಯಾಮಾದ ಹೋರಿಂಜಿ ಮಂದಿರದಲ್ಲಿ ವಿದ್ಯುತ್ತಿಗೇ ಒಂದು ಗುಡಿಯಿದ್ದು, ಪಕ್ಕದ ಗೋಪುರದಲ್ಲಿ ಎಡಿಸನ್ ಮತ್ತು ಭೌತವಿಜ್ಞಾನಿ ಹರ್ಟ್ಸ್ ಇಬ್ಬರ ಮುಖಗಳ ಉಬ್ಬುಚಿತ್ರಗಳಿವೆ. ಆತ್ಮ ಉಳಿಯುವುದಿಲ್ಲ ಎಂದವನ ಆತ್ಮಕ್ಕೆ ಇಲ್ಲಿ ಹೂವಿಡುತ್ತಾರೆ. ಅಮೆರಿಕದ ಕಣ್ಣಿಗೆ ಇದು ವಿರೋಧಾಭಾಸ. ನಂಬಿಕೆಯ ಹೇಳಿಕೆಗಿಂತ ಉಪಕಾರದ ನೆನಪೇ ಪೂಜೆಗೆ ಆಧಾರವಾದ ಕಡೆ ಹಾಗೇನೂ ಅನ್ನಿಸುವುದಿಲ್ಲ. ಆಯುಧಪೂಜೆಯ ದಿನ ಲೇತ್ ಯಂತ್ರಕ್ಕೆ ಕುಂಕುಮ ಹಚ್ಚುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ವಾದಕ್ಕೆ ಬರಬಹುದಾದ ಗಟ್ಟಿ ಆಕ್ಷೇಪವೆಂದರೆ, ಗೆನ್ನೈ ಸಂದೇಹಿಯೇ ಅಲ್ಲ ಎಂಬುದು. ಅವನು ಕಾಮೊ ನೊ ಮಾಬುಚಿಯ ಶಿಷ್ಯನಾಗಿ ಜಪಾನಿನ ಪ್ರಾಚೀನ ದೇವವಿದ್ಯೆ ಓದಿದವನು. ಯಾಗುಚಿಯ ದೋಣಿಗಟ್ಟೆಯಲ್ಲಿ ಸತ್ತ ವೀರನ ಪ್ರೇತಶಕ್ತಿಯನ್ನು ಕುರಿತ ನಾಟಕವನ್ನು 1770ರಲ್ಲಿ ಬರೆದು ಹೆಸರು ಮಾಡಿದ. ಆ ವೀರನ ಗುಡಿಯಲ್ಲಿ ಮಾರುವ ರಕ್ಷೆಯ ಬಾಣವನ್ನು ಮೊದಲು ಕಲ್ಪಿಸಿದ್ದೂ ಗೆನ್ನೈಯೇ ಎಂದು ಅಲ್ಲಿಯವರು ಹೇಳುತ್ತಾರೆ. ನಾಟಕಕ್ಕೆ ಅವನಿಟ್ಟುಕೊಂಡ ಅಂಕಿತದ ಅರ್ಥವೇ ‘ಭಾಗ್ಯ ಒಳಗೆ, ಭೂತ ಹೊರಗೆ’. ಎರೆಕಿತೆರುವಿನ ಕಿಡಿಯ ನಿಜವಾದ ಕಾರಣವೂ ಅವನಿಗೆ ಗೊತ್ತಿರಲಿಲ್ಲ. ಇವೆಲ್ಲ ನಿಜ. ಆದರೆ ಸಂದೇಹವೆಂದರೆ ಎಲ್ಲ ಉತ್ತರ ತಿಳಿದಿರುವುದು ಎಂದು ಯಾರು ಹೇಳಿದರು? ಪ್ರೇತದ ನಾಟಕ ಬರೆದವನು ರಂಗದ ಹಿಂದೆ ಬೊಂಬೆಯ ದಾರ ಹಿಡಿದವರ ಜೊತೆ ಕೂತಿದ್ದ. ರಕ್ಷೆಯ ಬಾಣ ಅವನದೇ ಕಲ್ಪನೆಯಾಗಿದ್ದರೆ ಅದು ಎಲ್ಲಿಂದ ಬಂತೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಇನ್ನೂ ಮುಖ್ಯವಾದದ್ದು 1774ರ ಪ್ರಬಂಧ. ರ್ಯೋಗೊಕು ಸೇತುವೆಯ ಬಳಿ ಹೂಸಿನಿಂದಲೇ ರಾಗ ನುಡಿಸಿ ಜನ ಸೇರಿಸುತ್ತಿದ್ದ ಒಬ್ಬ ಆಟಗಾರನನ್ನು ಅದರಲ್ಲಿ ಗೆನ್ನೈ ಮನಸಾರೆ ಹೊಗಳುತ್ತಾನೆ. ಇವನಿಗೆ ಗುರುವಿಲ್ಲ, ಗುಟ್ಟಿನ ಉಪದೇಶವಿಲ್ಲ, ಹಳೆಯ ಗ್ರಂಥದ ಆಸರೆಯಿಲ್ಲ, ತನ್ನ ಯೋಚನೆಯಿಂದಲೇ ಹೊಸದೊಂದನ್ನು ಕಟ್ಟಿದ್ದಾನೆ. ವಿದ್ವಾಂಸರೋ ಹಿರಿಯರ ಎಂಜಲನ್ನೇ ಮೆಲ್ಲುತ್ತಿದ್ದಾರೆ ಎಂಬುದು ಅದರ ಧಾಟಿ. ವಿಷಯ ಕೀಳೆಂದು ಮೂಗು ಮುಚ್ಚಿಕೊಂಡವರಿಗೆ ಅದರ ಧೈರ್ಯ ಕಾಣಲಿಲ್ಲ. ಎಮ್ಮಾನನ್ನು ನೋಡಿ ನಕ್ಕದ್ದಕ್ಕಿಂತ ಪರಂಪರೆಯನ್ನು ಹೀಗೆ ಬದಿಗಿಟ್ಟದ್ದು ದೊಡ್ಡ ಸಂದೇಹ.

ಗೆನ್ನೈಯನ್ನು ಕೆಡಿಸಿದ್ದು ಸಂದೇಹವಲ್ಲ, ಅವನ ಸ್ವಭಾವ ಎನ್ನುವವರೂ ಇದ್ದಾರೆ. ದುಡುಕು, ಕುಡಿತ, ಒಂದು ಕೆಲಸ ಮುಗಿಯುವ ಮುನ್ನ ಇನ್ನೊಂದಕ್ಕೆ ಹಾರುವ ಚಪಲ. ಇದರಲ್ಲಿ ಅರ್ಧ ಸತ್ಯವಿದೆ, ನಾನದನ್ನು ಒಪ್ಪುತ್ತೇನೆ. ಚಿಚಿಬುವಿನ ಕಬ್ಬಿಣದ ಗಣಿ ಸೋತದ್ದಕ್ಕೆ ಯಾವ ದೊರೆಯ ಕಟ್ಟಳೆಯೂ ಕಾರಣವಲ್ಲ. ಆದರೆ ಹತ್ತು ಕೆಲಸಕ್ಕೆ ಕೈಹಾಕುವುದನ್ನು ಚಪಲವೆಂದು ಕರೆಯುವ ಮುನ್ನ, ಒಂದೇ ಕೆಲಸದಲ್ಲಿ ನೆಲೆ ನಿಲ್ಲುವ ಅನುಕೂಲ ಅವನಿಗಿತ್ತೇ ಎಂದು ಕೇಳಬೇಕು. ಅವನ ಗೆಳೆಯ ಸುಗಿತಾ ಗೆಂಪಾಕು ಒಬ್ಬ ದೊರೆಯ ಆಸ್ಥಾನ ವೈದ್ಯನಾಗಿದ್ದ. ಆ ನೆಲೆಯಿಂದಲೇ ಡಚ್ ಅಂಗರಚನಾಶಾಸ್ತ್ರದ ಗ್ರಂಥವನ್ನು ಅನುವಾದಿಸಿ 1774ರಲ್ಲಿ ಹೊರತಂದು ವೈದ್ಯಶಾಸ್ತ್ರದ ದಿಕ್ಕನ್ನೇ ಬದಲಿಸಿದ. ಅದರ ಚಿತ್ರಗಳನ್ನು ಬರೆದ ಒದಾನೊ ನಾವೊತಾಕೆಗೆ ಪಾಶ್ಚಾತ್ಯ ಚಿತ್ರಕಲೆ ಕಲಿಸಿದವನು ಗೆನ್ನೈ. ಹೆಣವನ್ನು ಕಣ್ಣಾರೆ ಕಂಡು ಪುಸ್ತಕವನ್ನು ಒರೆಗೆ ಹಚ್ಚಿದ ಗೆಂಪಾಕು, ಪಟದ ಹಿಂಬದಿ ನೋಡಿದ ಗೆನ್ನೈ, ಇಬ್ಬರದೂ ಒಂದೇ ಬುದ್ಧಿ. ಒಬ್ಬನಿಗೆ ಅನ್ನದ ನೆರಳಿತ್ತು, ಇನ್ನೊಬ್ಬನಿಗಿರಲಿಲ್ಲ.

ನಮ್ಮ ನಾಡಿಗೂ ಈ ಅಳತೆಗೋಲು ಸಲ್ಲುತ್ತದೆ. ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ದಶಕಗಳ ಕಾಲ ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ಕಲಿಸಿದರು. ಅವರ ನಾಸ್ತಿಕತೆ ಗುಟ್ಟೇನೂ ಆಗಿರಲಿಲ್ಲ, ಜನ ಅವರನ್ನು ಗೌರವದಿಂದಲೇ ‘ಎಚ್ಚೆನ್’ ಎಂದು ಕರೆದರು. ಆದರೆ 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿ, ಸತ್ಯ ಸಾಯಿಬಾಬಾ ಅವರಿಗೆ ಪರೀಕ್ಷೆಗೆ ಒಡ್ಡಿಕೊಳ್ಳುವಂತೆ ಪತ್ರ ಬರೆದಾಗ ನಾಡಿನ ದೊಡ್ಡವರೇ ಸಿಡಿಮಿಡಿಗೊಂಡರು. ದೇವರಿಲ್ಲವೆಂದರೆ ಸಹಿಸಿದವರು ಬಾಬಾ ಕೈಯೊಳಗಿನ ವಿಭೂತಿ ತೋರಿಸಿ ಎಂದರೆ ಸಹಿಸಲಿಲ್ಲ. ಎಂ.ಎಂ. ಕಲಬುರ್ಗಿಯವರಂತೂ ನಾಸ್ತಿಕರೂ ಅಲ್ಲ, ಬಸವಣ್ಣನನ್ನು ಎದೆಗಪ್ಪಿಕೊಂಡ ವಚನ ವಿದ್ವಾಂಸರು. ಅವರ ಸಂಶೋಧನೆ ಮುಟ್ಟಿದ್ದು ವಂಶದ, ಪರಂಪರೆಯ ಕಥನವನ್ನು. 1989ರಲ್ಲಿ ಅವರು ಬರೆದದ್ದನ್ನು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲೇ ಗುಂಡಿಗೆ ಬಲಿಯಾದರು. ದೇವರನ್ನು ಬೈದು ಬದುಕಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಗುರು, ಮಠ, ವಂಶ ಎಂಬ ಕಡೆ ಕೈಯಿಟ್ಟವರ ಪಾಡನ್ನು ಇಟ್ಟುಕೊಂಡು ನಮ್ಮ ಸಹನೆಯನ್ನು ಅಳೆಯಬೇಕು.

ಮತ್ತೆ ಗೆನ್ನೈಯತ್ತ. 1779ರ ಬೇಸಿಗೆಯಲ್ಲಿ ಅವನು ಕಾಂದಾದ ಹಾಶಿಮೊತೊಚೊ ಎಂಬಲ್ಲಿ ಒಂದು ಮನೆಗೆ ಬಿಡಾರ ಬದಲಿಸಿದ. ಕೇಡು ಸಂಭವಿಸಿದ ಮನೆ, ದೆವ್ವ ಕಾಡುತ್ತದೆ ಎಂಬ ಮಾತು ಅದಕ್ಕೆ ಅಂಟಿಕೊಂಡಿತ್ತು. ಗೆನ್ನೈ ಲೆಕ್ಕಿಸಲಿಲ್ಲ. ಚಳಿಗಾಲ ಕಾಲಿಡುವಷ್ಟರಲ್ಲಿ, ಒಂದು ಕಟ್ಟಡದ ಕೆಲಸದ ಕಾಗದಪತ್ರ ಕಳುವಾಯಿತೆಂಬ ತಪ್ಪುತಿಳಿವಳಿಕೆಯಲ್ಲಿ, ಕುಡಿದ ಅಮಲಿನಲ್ಲಿ ಕತ್ತಿ ಬೀಸಿದನೆಂದು ಹೇಳುತ್ತಾರೆ. ಯಾರ ಮೇಲೆ, ಎಷ್ಟು ಜನರ ಮೇಲೆ ಎಂಬುದರಲ್ಲಿ ಆ ಕಾಲದ ಬರಹಗಳೇ ಒಂದಾಗುವುದಿಲ್ಲ. ತಾನಾಗಿ ಶರಣಾದ. ಕೊದೆನ್ಮಾಚೊ ಸೆರೆಮನೆಯಲ್ಲಿ, ನಮ್ಮ ಲೆಕ್ಕಕ್ಕೆ 1780ರ ಜನವರಿಯಲ್ಲಿ, ಸತ್ತ. ಆ ಮನೆಯ ದೆವ್ವವೇ ಬಲಿ ತೆಗೆದುಕೊಂಡಿತೆಂದು ಎಡೋ ಮಾತಾಡಿಕೊಂಡಿತು. ಸಂದೇಹಿ ಎಡವಿದರೆ ಎಡವಿದ ಕಲ್ಲೂ ಸಾಕ್ಷಿಯಾಗುತ್ತದೆ. ಅದೇ ಕಲ್ಲಿಗೆ ಭಕ್ತ ಎಡವಿದರೆ ಕೇವಲ ಕಲ್ಲು. ಸಾಲ, ಕುಡಿತ, ಮೋಸದ ಭಯ, ಹದಿನೆಂಟು ವರ್ಷ ನೆಲೆಯಿಲ್ಲದೆ ದುಡಿದ ದಣಿವು, ಇಷ್ಟು ಕಾರಣಗಳು ಕಣ್ಣೆದುರಿಗೇ ಬಿದ್ದಿರುವಾಗ ದೆವ್ವವನ್ನು ಕರೆತಂದದ್ದು ಆ ಕಾರಣಗಳನ್ನು ನೋಡಬೇಕಾದ ಹೊಣೆಯಿಂದ ಎಲ್ಲರನ್ನೂ ಬಿಡಿಸಿತು. ಒಬ್ಬ ಮನುಷ್ಯನ ಸಾವಿಗೆ ಮಾಡುವ ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ಕಾಣುವುದಿಲ್ಲ.

ಗೆನ್ನೈಗೆ ಹೆಂಡತಿಮಕ್ಕಳಿರಲಿಲ್ಲ. ಉತ್ತರಕ್ರಿಯೆ ಮಾಡಿಸಿದವನು ಗೆಂಪಾಕು. ಸರ್ಕಾರದ ಅನುಮತಿ ಸಿಗದೆ, ಹೆಣವಿಲ್ಲದೆ, ಸಮಾಧಿಯ ಕಲ್ಲೂ ಇಲ್ಲದೆ ಅದು ನಡೆಯಿತು. ಹೆಣವನ್ನು ನೋಡಿ ಸತ್ಯ ಕಲಿತ ವೈದ್ಯ ಬರಿಯ ಹೆಸರಿಗೆ ಧೂಪ ಹಾಕಿಸಬೇಕಾಯಿತು, ಅದೂ ಬೌದ್ಧ ಮಂದಿರದಲ್ಲೇ. ಗೆಳೆಯನಿಗಾಗಿ ಅವನು ಶಾಸನದ ಮಾತುಗಳನ್ನಂತೂ ಬರೆದಿಟ್ಟ. ಅಸಾಕುಸಾ ಸಮೀಪದ ಹಾಶಿಬಾದ ಒಂದು ಮಂದಿರದಲ್ಲಿ ಮುಂದೆ ಸಮಾಧಿಯಾಯಿತು. 1928ರಲ್ಲಿ ಆ ಮಂದಿರ ಬೇರೆ ಕಡೆಗೆ ಹೋದಾಗಲೂ ಗೆನ್ನೈಯ ಸಮಾಧಿ ಮಾತ್ರ ಇದ್ದಲ್ಲೇ ಉಳಿಯಿತು. 1931ರಲ್ಲಿ ಅದರ ಸುತ್ತ ಒಂದು ಮಣ್ಣಿನ ಗೋಡೆ ಎದ್ದಿತು. ಕಟ್ಟಿಸಿದವನು ಕೌಂಟ್ ಮಾತ್ಸುದೈರಾ ಯೊರಿನಾಗಾ, ಗೆನ್ನೈಗೆ ಬೇರೆ ಯಾರ ಬಾಗಿಲಿಗೂ ಹೋಗಬೇಡವೆಂದ ತಕಾಮತ್ಸು ದೊರೆಯ ವಂಶದವನು.